ಬೆಳಿಗ್ಗೆ ಎದ್ದಾಗ ಬೆನ್ನುನೋವು, ಮೈಕೈ ನೋವು ಏಕೆ?

ಊರೆಲ್ಲ ಮಲಗಿರುವಾಗಲೇ ದಿನ ಆರಂಭಿಸುವ ಕಸುಬು ನಮ್ಮದು. ಆರು ಗಂಟೆಗೆ ಗಿರಾಕಿಯ ಮುಂದೆ ಬಿಸಿ ಇಡ್ಲಿ ಇರಬೇಕಾದರೆ ಭಟ್ಟರು ನಾಲ್ಕೂವರೆಗೆ ಏಳಲೇಬೇಕು. ಹಾಗೆ ಏಳುವಾಗ ಅನೇಕರ ಬಾಯಲ್ಲಿ ಬರುವ ಮೊದಲ ಮಾತು ದೇವರ ಹೆಸರಲ್ಲ, ‘ಅಯ್ಯೋ ಸೊಂಟ’ ಎಂಬುದು. ಗಲ್ಲಾದಲ್ಲಿ ಕೂರುವ ಧಣಿಗಳ ಕಥೆಯೂ ಬೇರೆಯಲ್ಲ. ರಾತ್ರಿಯೆಲ್ಲ ಮಲಗಿದ ಮೇಲೆ ಮೈ ಹಗುರಾಗಬೇಕು; ಆದರೆ ಮಲಗುವಾಗ ಇಲ್ಲದ ನೋವು ಏಳುವಾಗ ಬಂದಿರುತ್ತದೆ.

ಇದನ್ನು ನಾವು ‘ವಯಸ್ಸಾಯಿತು’, ‘ವಾಯು’, ‘ಕೆಲಸ ಜಾಸ್ತಿ’ ಎಂದು ತಳ್ಳಿಬಿಡುತ್ತೇವೆ. ಆದರೆ ಐವತ್ತು ತುಂಬುವ ಮೊದಲೇ ನುರಿತ ಭಟ್ಟರು ‘ಇನ್ನು ನನ್ನಿಂದ ಆಗುವುದಿಲ್ಲ’ ಎಂದು ಗಂಟುಮೂಟೆ ಕಟ್ಟಿ ಊರಿಗೆ ಹೋಗುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಅವರ ಕೈರುಚಿಯ ಜಾಗವನ್ನು ತುಂಬಲು ಇನ್ನೊಬ್ಬರು ಸುಲಭವಾಗಿ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 61 ಕೋಟಿ 90 ಲಕ್ಷ ಜನ ಸೊಂಟನೋವಿನಿಂದ ಬಳಲುತ್ತಿದ್ದರು. ಮನುಷ್ಯನನ್ನು ಕೆಲಸಕ್ಕೆ ಬಾರದಂತೆ ಮಾಡುವ ಕಾರಣಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಆದ್ದರಿಂದ ಈ ನೋವು ಬೆಳಿಗ್ಗೆಯೇ ಏಕೆ ಬರುತ್ತದೆ, ನಮ್ಮ ಕಸುಬಿಗೂ ಅದಕ್ಕೂ ಏನು ಸಂಬಂಧ, ಯಾವ ನೋವನ್ನು ಕಡೆಗಣಿಸಬಾರದು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ರಾತ್ರಿ ಬೆನ್ನಿನಲ್ಲಿ ನಡೆಯುವುದೇನು?

ನಮ್ಮ ಬೆನ್ನುಮೂಳೆ ಒಂದೇ ಕೋಲಲ್ಲ. ಮೂಳೆಯ ಮಣಿಗಳು ಒಂದರ ಮೇಲೊಂದು ಕೂತಿವೆ. ಅವುಗಳ ನಡುವೆ ಮೆತ್ತೆಯಂಥ 23 ಬಿಲ್ಲೆಗಳಿವೆ. ಇವನ್ನೇ ಡಿಸ್ಕ್ ಎನ್ನುತ್ತಾರೆ. ಹಗಲಿಡೀ ನಿಂತು, ಕೂತು, ಭಾರ ಎತ್ತುವಾಗ ಈ ಬಿಲ್ಲೆಗಳು ಒತ್ತಡಕ್ಕೆ ಸಿಕ್ಕಿ ಸ್ವಲ್ಪ ಸ್ವಲ್ಪವಾಗಿ ನೀರನ್ನು ಬಿಟ್ಟುಕೊಡುತ್ತವೆ. ರಾತ್ರಿ ಮಲಗಿದಾಗ ಮೇಲಿನ ಭಾರ ಇಳಿಯುತ್ತದೆ. ಆಗ ನೆನೆಹಾಕಿದ ಉದ್ದು ನೀರು ಕುಡಿದು ಉಬ್ಬುವಂತೆ ಬಿಲ್ಲೆಗಳೂ ನೀರು ಹೀರಿ ಉಬ್ಬುತ್ತವೆ. ಇದರಿಂದಾಗಿ ಬೆಳಿಗ್ಗೆ ನಮ್ಮ ಎತ್ತರವೇ ಒಂದರಿಂದ ಎರಡು ಸೆಂಟಿಮೀಟರಿನಷ್ಟು ಹೆಚ್ಚಿರುತ್ತದೆ. ಸಂಜೆಯ ಹೊತ್ತಿಗೆ ಅದು ಮತ್ತೆ ಇಳಿಯುತ್ತದೆ.

ಇದು ದೇಹದ ಸಹಜ ವ್ಯವಸ್ಥೆ, ಕಾಯಿಲೆಯಲ್ಲ. ಆದರೆ ಉಬ್ಬಿದ ಬಿಲ್ಲೆ ಬಿಗಿಯಾಗಿರುತ್ತದೆ. ಆಗ ಸೊಂಟ ಬಗ್ಗಿಸಿದರೆ ಬಿಲ್ಲೆಯ ಮೇಲೂ ಅದನ್ನು ಹಿಡಿದಿರುವ ಅಸ್ಥಿರಜ್ಜುಗಳ ಮೇಲೂ ಬೀಳುವ ಸೆಳೆತ ಸಂಜೆಗಿಂತ ಬಹಳ ಹೆಚ್ಚು. ಹಾಗೆಯೇ ಆರೇಳು ಗಂಟೆ ಅಲುಗಾಡದೆ ಬಿದ್ದಿದ್ದ ಸ್ನಾಯುಗಳೂ ಕೀಲುಗಳೂ ಜಡವಾಗಿರುತ್ತವೆ. ಎದ್ದ ಹತ್ತಿಪ್ಪತ್ತು ನಿಮಿಷ ಮೈ ಬಿಗಿದಂತಿದ್ದು, ಓಡಾಡಿದಂತೆ ಸಡಿಲವಾಗುವುದು ಇದರಿಂದಲೇ. ಉಬ್ಬಿದ ಬಿಲ್ಲೆಗಳು ದಿನವಿಡೀ ಇಳಿಯುವಷ್ಟರಲ್ಲಿ ಸುಮಾರು ಅರ್ಧದಷ್ಟು ಎದ್ದ ಮೊದಲ ಒಂದು ಗಂಟೆಯಲ್ಲೇ ಇಳಿದುಬಿಡುತ್ತವೆ.

ಮೊದಲ ಒಂದು ಗಂಟೆಯಲ್ಲಿ ನಾವು ಮಾಡುವುದೇನು?

ನಮ್ಮ ಹೋಟೆಲುಗಳ ಬೆಳಗಿನ ಕೆಲಸದ ಪಟ್ಟಿ ನೋಡಿ. ಎದ್ದ ತಕ್ಷಣ ನೆಲದ ತನಕ ಬಗ್ಗಿ ಶಟರ್ ಎತ್ತುವುದು. ಬಾಗಿಲಲ್ಲಿ ಇಟ್ಟುಹೋದ ಹಾಲಿನ ಕ್ರೇಟನ್ನು ನೆಲದಿಂದ ಎತ್ತಿ ಒಳಗೆ ತರುವುದು. ಹುಳಿ ಬಂದ ಹಿಟ್ಟಿನ ದೊಡ್ಡ ಪಾತ್ರೆಯನ್ನು ಕೆಳಗಿನಿಂದ ಮೇಲಕ್ಕಿಡುವುದು. ಗ್ಯಾಸ್ ಸಿಲಿಂಡರ್ ಬದಲಾಯಿಸುವುದು. ಬಗ್ಗಿ ಕಸ ಗುಡಿಸಿ ನೆಲ ಒರೆಸುವುದು. ಅಂದರೆ ದಿನದಲ್ಲಿ ಬೆನ್ನು ಯಾವ ಹೊತ್ತಿಗೆ ಅತ್ಯಂತ ಎಚ್ಚರಿಕೆ ಕೇಳುತ್ತದೆಯೋ, ಸರಿಯಾಗಿ ಅದೇ ಹೊತ್ತಿಗೆ ನಾವು ಅತ್ಯಂತ ಭಾರದ ಕೆಲಸ ಕೊಡುತ್ತೇವೆ.

1998ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನಪಿಡಬೇಕಾದ್ದು. ಬಹುಕಾಲದ ಸೊಂಟನೋವು ಇದ್ದವರಿಗೆ ಬೆಳಗಿನ ಹೊತ್ತು ಸೊಂಟ ಬಗ್ಗಿಸುವುದನ್ನು ತಪ್ಪಿಸಲು ಕಲಿಸಲಾಯಿತು. ಔಷಧಿಯಿಲ್ಲ, ಖರ್ಚಿಲ್ಲ. ಅಷ್ಟರಿಂದಲೇ ಅವರಿಗೆ ನೋವಿನ ದಿನಗಳು ಕಡಿಮೆಯಾದವು.

ನಾವೂ ಇದನ್ನು ಮಾಡಬಹುದು. ಎದ್ದವರು ಮುಖ ತೊಳೆದು, ಒಂದು ಲೋಟ ನೀರು ಕುಡಿದು, ಸ್ವಲ್ಪ ನಡೆದಾಡಿ, ನಿಂತು ಮಾಡುವ ಹಗುರ ಕೆಲಸಗಳನ್ನು ಮೊದಲು ಮುಗಿಸಲಿ: ಒಲೆ ಹಚ್ಚುವುದು, ಚಟ್ನಿಗೆ ಅಣಿ ಮಾಡುವುದು, ಡಿಕಾಕ್ಷನ್ ಇಳಿಸುವುದು. ಸಿಲಿಂಡರ್ ಬದಲಾವಣೆ, ಮೂಟೆ ಎತ್ತುವಂಥ ಕೆಲಸಗಳನ್ನು ಹಿಂದಿನ ರಾತ್ರಿಯೇ ಅಥವಾ ಒಂದು ಗಂಟೆ ಕಳೆದ ಮೇಲೆ ಮಾಡಲಿ. ಹಿಟ್ಟಿನ ಪಾತ್ರೆಯನ್ನು ರಾತ್ರಿಯೇ ನೆಲದ ಬದಲು ಸೊಂಟದೆತ್ತರದ ಕಟ್ಟೆಯ ಮೇಲಿಟ್ಟರೆ ಬೆಳಿಗ್ಗೆ ಬಗ್ಗುವ ಪ್ರಮೇಯವೇ ಇಲ್ಲ. ಶಟರಿನ ಸ್ಪ್ರಿಂಗ್ ಸಡಿಲವಾಗಿದ್ದರೆ ಸರಿಮಾಡಿಸಿ, ಎಣ್ಣೆ ಹಾಕಿಸಿ. ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ, ಇಬ್ಬರು ಕೂಡಿ ಎತ್ತಿದರೆ ಇನ್ನೂ ಒಳ್ಳೆಯದು.

ಮಲಗುವ ಜಾಗ ಹೇಗಿದೆ?

ಮುಂಬಯಿ, ಪುಣೆಯಂಥ ನಗರಗಳಲ್ಲಿ ಜಾಗದ ಬೆಲೆ ಎಲ್ಲರಿಗೂ ಗೊತ್ತಿರುವುದೇ. ಊರಿನಿಂದ ಬಂದ ಹುಡುಗರು ರಾತ್ರಿ ಮೇಜುಗಳನ್ನು ಜೋಡಿಸಿ, ಇಲ್ಲವೆ ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಚಾಪೆ ಹಾಸಿ ಮಲಗಿದ್ದೇ ನಮ್ಮ ಉದ್ಯಮದ ಇತಿಹಾಸ. ಇಂದಿನ ಅನೇಕ ಧಣಿಗಳೂ ಅದೇ ಚಾಪೆಯಿಂದ ಎದ್ದು ಬಂದವರು. ‘ನಾವು ಮಲಗಲಿಲ್ಲವೇ?’ ಎಂದು ಕೇಳುವುದು ಸುಲಭ. ಆದರೆ ಇಂದು ಬೆನ್ನುನೋವೆಂದು ನರಳುತ್ತಿರುವವರಲ್ಲೂ ನಾವೇ ಮುಂದಿದ್ದೇವೆ ಎಂಬುದನ್ನು ಮರೆಯಬಾರದು.

ಬೆನ್ನುನೋವಿಗೆ ಗಟ್ಟಿ ನೆಲವೇ ಮದ್ದು ಎಂಬ ನಂಬಿಕೆ ನಮ್ಮಲ್ಲಿದೆ. 2003ರಲ್ಲಿ ‘ಲ್ಯಾನ್ಸೆಟ್’ ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನಿನ ವೈದ್ಯರು ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ಸೊಂಟನೋವಿದ್ದ 313 ಮಂದಿಯಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಡಲಾಯಿತು. 90 ದಿನಗಳ ನಂತರ ನೋಡಿದಾಗ ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರಿಗೇ ಹೆಚ್ಚು ಗುಣ ಕಂಡಿತ್ತು. ತೀರ ಗಟ್ಟಿ ಜಾಗದಲ್ಲಿ ಭುಜ, ಪೃಷ್ಠ, ಹಿಮ್ಮಡಿಗಳು ಒತ್ತಿಕೊಂಡು ಸೊಂಟದ ಭಾಗ ಆಸರೆಯಿಲ್ಲದೆ ಉಳಿಯುತ್ತದೆ. ತೀರ ಮೆತ್ತಗಿದ್ದರೆ, ಇಲ್ಲವೆ ಹತ್ತಿ ಗಂಟುಕಟ್ಟಿದ ಹಳೆಯ ಗಾದಿಯಾದರೆ ನಡು ಕುಸಿದು ರಾತ್ರಿಯಿಡೀ ಬಾಗಿಕೊಂಡೇ ಇರುತ್ತದೆ. ಹಲಗೆಯ ಮೇಲೆ ಮೂರ್ನಾಲ್ಕು ಅಂಗುಲದ ತೆಂಗಿನ ನಾರಿನ ಹಾಸಿಗೆ ಹೆಚ್ಚಿನವರಿಗೆ ಸಾಕು.

ಮಲಗುವ ಭಂಗಿಯೂ ಮುಖ್ಯ. ಬೋರಲು ಮಲಗಿದರೆ ಕುತ್ತಿಗೆ ತಿರುಚಿಕೊಳ್ಳುತ್ತದೆ, ಸೊಂಟ ಒಳಕ್ಕೆ ಬಾಗುತ್ತದೆ. ಮಗ್ಗುಲಾಗಿ ಮಲಗುವವರು ಮೊಣಕಾಲುಗಳ ನಡುವೆ, ಅಂಗಾತ ಮಲಗುವವರು ಮೊಣಕಾಲುಗಳ ಕೆಳಗೆ ಒಂದು ದಿಂಬು ಅಥವಾ ಮಡಿಸಿದ ಹೊದಿಕೆ ಇಟ್ಟುಕೊಂಡರೆ ಸೊಂಟಕ್ಕೆ ಆರಾಮ. ತಲೆದಿಂಬು ಕುತ್ತಿಗೆಯನ್ನು ಬೆನ್ನಿನ ನೇರಕ್ಕೆ ಹಿಡಿಯುವಷ್ಟು ಎತ್ತರವಿದ್ದರೆ ಸಾಕು. ಏಳುವಾಗ ಸೀದಾ ಎದ್ದು ಕೂರಬಾರದು. ಮೊದಲು ಮಗ್ಗುಲಾಗಿ, ಕೈ ಊರಿ ಎದ್ದೇಳಬೇಕು. ಬಲಮಗ್ಗುಲಲ್ಲಿ ಏಳಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದರಿಂದ ಬೆನ್ನಿಗೂ ಉಪಕಾರವಿತ್ತು.

ನಿದ್ದೆಯ ಸಾಲ

ರಾತ್ರಿ ಹನ್ನೊಂದೂವರೆಗೆ ಕೊನೆಯ ಗಿರಾಕಿ ಎದ್ದು, ಮೋರಿ ತೊಳೆದು, ಲೆಕ್ಕ ಮುಗಿಸಿ ಮಲಗುವಾಗ ಹನ್ನೆರಡೂವರೆ. ಮತ್ತೆ ಐದಕ್ಕೆ ಎದ್ದರೆ ನಿದ್ದೆ ನಾಲ್ಕೂವರೆ ಗಂಟೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆಯ ನಿದ್ದೆ ಬೇಕು. ಹಗಲಿನಲ್ಲಿ ದಣಿದ ಸ್ನಾಯುಗಳ ರಿಪೇರಿ ನಡೆಯುವುದು ಗಾಢ ನಿದ್ದೆಯಲ್ಲಿ. ನಿದ್ದೆ ಕಡಿಮೆಯಾದರೆ ಮೆದುಳು ನೋವನ್ನು ತಡೆದುಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಬೇರೆ ದಿನ ಗಮನಕ್ಕೇ ಬಾರದ ಸಣ್ಣ ನೋವು ನಿದ್ದೆಗೆಟ್ಟ ಮರುದಿನ ದೊಡ್ಡದಾಗಿ ಕಾಣುತ್ತದೆ. ನೋವಿನಿಂದ ನಿದ್ದೆಯಿಲ್ಲ, ನಿದ್ದೆಯಿಲ್ಲದೆ ನೋವು ಇಳಿಯುವುದಿಲ್ಲ.

ಬೆಳಗಿನ ಪಾಳಿಗೂ ರಾತ್ರಿಯ ಪಾಳಿಗೂ ಒಬ್ಬನನ್ನೇ ಹಾಕದಿರುವುದು, ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಒಂದೂವರೆ-ಎರಡು ಗಂಟೆ ಯಾರೂ ಕರೆಯದಂತೆ ಮಲಗಲು ಬಿಡುವುದು, ಇವೆರಡು ನಮ್ಮ ಕೈಯಲ್ಲೇ ಇವೆ.

ಧಣಿಗಳಿಗೂ ಒಂದು ಮಾತು. ಹೊಟ್ಟೆ ಬೆಳೆದು, ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ಕಟ್ಟಿದಂತಾಗಿ, ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ತಲೆಭಾರ, ಮೈಭಾರ ಇದ್ದರೆ ಅದು ಸ್ಲೀಪ್ ಆಪ್ನಿಯಾ ಎಂಬ ತೊಂದರೆ ಇರಬಹುದು. ರಕ್ತದೊತ್ತಡ, ಹೃದಯದ ಕಾಯಿಲೆಗಳಿಗೂ ಇದಕ್ಕೂ ನಂಟಿದೆ. ವೈದ್ಯರಿಗೆ ತೋರಿಸಲೇಬೇಕು.

ಹಗಲಿನ ದುಡಿಮೆ ರಾತ್ರಿ ಮಾತಾಡುತ್ತದೆ

ಬೆಳಿಗ್ಗೆ ಕಾಣುವ ನೋವಿನ ಬೇರು ಹಿಂದಿನ ದಿನದ ಕೆಲಸದಲ್ಲಿರುತ್ತದೆ. 19 ಕಿಲೋ ಅನಿಲದ ವಾಣಿಜ್ಯ ಸಿಲಿಂಡರ್, ಅದರ ಕಬ್ಬಿಣದ ತೂಕವೂ ಸೇರಿ 35 ಕಿಲೋ ದಾಟುತ್ತದೆ. ಅಕ್ಕಿಯ ದೊಡ್ಡ ಮೂಟೆ 50 ಕಿಲೋ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದಂತೆ, ಎಲ್ಲ ಅನುಕೂಲ ಇದ್ದಾಗಲೂ ಒಬ್ಬರು ಎತ್ತಬಹುದಾದ ಭಾರ 23 ಕಿಲೋ. ನೆಲದಿಂದ ಎತ್ತುವುದಾದರೆ, ಮೈ ತಿರುಚಬೇಕಾದರೆ, ಮತ್ತೆ ಮತ್ತೆ ಎತ್ತಬೇಕಾದರೆ ಅದಕ್ಕಿಂತಲೂ ಕಡಿಮೆ. ನಮ್ಮಲ್ಲಿ ಹದಿನೆಂಟರ ಹುಡುಗನೊಬ್ಬ 50 ಕಿಲೋ ಮೂಟೆಯನ್ನು ಒಬ್ಬನೇ ಹೆಗಲಿಗೇರಿಸಿದರೆ ‘ಗಟ್ಟಿ ಹುಡುಗ’ ಎಂದು ಮೆಚ್ಚುತ್ತೇವೆ. ಆ ಮೆಚ್ಚುಗೆಯ ಬೆಲೆ ಅವನಿಗೆ ತಿಳಿಯುವುದು ನಲವತ್ತರ ನಂತರ.

ಹೆಚ್ಚಿನ ಅಡಿಗೆಮನೆಗಳಲ್ಲಿ ಕಟ್ಟೆಯ ಎತ್ತರ ಎಲ್ಲರಿಗೂ ಒಂದೇ. ತರಕಾರಿ ಹೆಚ್ಚುವ ಮೇಜು, ನಿಂತವರ ಮೊಣಕೈಗಿಂತ ಎರಡರಿಂದ ನಾಲ್ಕು ಅಂಗುಲ ಕೆಳಗಿರಬೇಕು. ಅದಕ್ಕಿಂತ ತಗ್ಗಿದ್ದರೆ ದಿನಕ್ಕೆ ಎಂಟು ಗಂಟೆ ಕುತ್ತಿಗೆ, ಬೆನ್ನು ಬಗ್ಗಿಯೇ ಇರುತ್ತವೆ. ಎತ್ತರದವರಿಗೆ ಮೇಜಿನ ಕಾಲಿಗೆ ಮರದ ತುಂಡು, ಗಿಡ್ಡದವರಿಗೆ ನಿಲ್ಲಲು ಹಲಗೆ ಕೊಟ್ಟರೆ ಆಯಿತು. ದೋಸೆ ಕಾವಲಿಯ ಮುಂದೆ ಗಂಟೆಗಟ್ಟಲೆ ನಿಲ್ಲುವವರು ನಾಲ್ಕಾರು ಅಂಗುಲ ಎತ್ತರದ ಮಣೆಯ ಮೇಲೆ ಒಂದು ಕಾಲನ್ನು ಸರದಿಯಂತೆ ಇಟ್ಟುಕೊಂಡರೆ ಸೊಂಟದ ಸೆಳೆತ ಇಳಿಯುತ್ತದೆ. ಸಿಮೆಂಟು ನೆಲದ ಮೇಲೆ ದಪ್ಪ ರಬ್ಬರ್ ಚಾಪೆ ಹಾಸಿದರೆ ಕಾಲುಗಳಿಗೂ ಒಳ್ಳೆಯದು. ನೆಲದಲ್ಲಿ ಮೆಟ್ಟುಕತ್ತಿ ಹಿಡಿದು ಮೂಟೆಗಟ್ಟಲೆ ಈರುಳ್ಳಿ ಹೆಚ್ಚುವುದು, ಮೋರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ದಿನವಿಡೀ ಪಾತ್ರೆ ತಿಕ್ಕುವುದು ಇನ್ನಾದರೂ ನಿಲ್ಲಬೇಕು.

ಗಲ್ಲಾದ ಕುರ್ಚಿಯದ್ದೂ ಇದೇ ಕಥೆ. ಬೆನ್ನಿಗೆ ಆಸರೆಯಿಲ್ಲದ ಎತ್ತರದ ಸ್ಟೂಲಿನಲ್ಲಿ ಹತ್ತು-ಹನ್ನೆರಡು ಗಂಟೆ ಕೂರುವ ಧಣಿಗೆ ಮೂಟೆ ಹೊರುವವನಷ್ಟೇ ಸೊಂಟನೋವು ಬರಬಹುದು. ಅರ್ಧ ಗಂಟೆಗೊಮ್ಮೆ ಎದ್ದು ಹೋಟೆಲಿನೊಳಗೆ ಒಂದು ಸುತ್ತು ಬಂದರೆ ಬೆನ್ನಿಗೂ ಒಳ್ಳೆಯದು, ವ್ಯಾಪಾರಕ್ಕೂ ಒಳ್ಳೆಯದು.

ಬಿಸಿಲು ಕಾಣದ ಮೈ

ಬೆನ್ನು ಮಾತ್ರವಲ್ಲ, ಕೈಕಾಲು, ತೊಡೆ, ಪಕ್ಕೆ, ಎಲ್ಲೆಂದು ಹೇಳಲಾಗದಂತೆ ಮೈಯೆಲ್ಲ ನೋಯುತ್ತಿದ್ದರೆ ಡಿ ಜೀವಸತ್ವದ ಕೊರತೆ ಇರಬಹುದು. ನಮ್ಮ ದೇಹ ಇದನ್ನು ಬಿಸಿಲಿನ ಸಹಾಯದಿಂದ ಚರ್ಮದಲ್ಲೇ ತಯಾರಿಸಿಕೊಳ್ಳುತ್ತದೆ. ಆದರೆ ಸೂರ್ಯ ಹುಟ್ಟುವ ಮೊದಲು ಅಡಿಗೆಮನೆ ಹೊಕ್ಕು, ಮುಳುಗಿದ ಮೇಲೆ ಹೊರಬರುವವನಿಗೆ ಬಿಸಿಲೆಲ್ಲಿ? ಸಸ್ಯಾಹಾರದಲ್ಲಿ ಈ ಸತ್ವ ಬಹಳ ಕಡಿಮೆ. ಕೊರತೆ ತೀವ್ರವಾದರೆ ಮೂಳೆಗಳು ಮೆದುವಾಗಿ, ಕೂತಲ್ಲಿಂದ ಏಳುವುದೂ ಮೆಟ್ಟಿಲು ಹತ್ತುವುದೂ ಕಷ್ಟವಾಗುತ್ತದೆ. ಸಸ್ಯಾಹಾರಿಗಳಲ್ಲಿ ಬಿ-12 ಸತ್ವದ ಕೊರತೆಯೂ ಸಾಮಾನ್ಯ. ಅದರಿಂದ ಕೈಕಾಲು ಜೋಮು, ಆಯಾಸ ಬರುತ್ತದೆ. ಎರಡನ್ನೂ ರಕ್ತಪರೀಕ್ಷೆಯಿಂದ ತಿಳಿಯಬಹುದು. ವಾರಕ್ಕೊಂದು ತೆಗೆದುಕೊಳ್ಳುವ 60,000 ಯೂನಿಟ್ಟಿನ ಡಿ ಸತ್ವದ ಪೊಟ್ಟಣವನ್ನು ವೈದ್ಯರು ಹೇಳಿದಷ್ಟು ವಾರ ಮಾತ್ರ ತೆಗೆದುಕೊಳ್ಳಬೇಕು. ಅದು ಅತಿಯಾದರೆ ರಕ್ತದಲ್ಲಿ ಸುಣ್ಣದ ಅಂಶ ಏರಿ ಮೂತ್ರಪಿಂಡಕ್ಕೆ ಕೇಡು.

ಕಡೆಗಣಿಸಬಾರದ ನೋವುಗಳು

ಬಹುಪಾಲು ಬೆನ್ನುನೋವು ಅಪಾಯದ್ದಲ್ಲ. ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಆದರೆ ಕೆಲವು ನೋವುಗಳ ಗುರುತು ಬೇರೆ.

ನಲವತ್ತೈದರೊಳಗಿನವರಿಗೆ ಮೆಲ್ಲನೆ ಆರಂಭವಾಗಿ ಮೂರು ತಿಂಗಳು ಮೀರಿದ ನೋವು, ರಾತ್ರಿಯ ಎರಡನೆಯ ಭಾಗದಲ್ಲಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚಿದ್ದರೆ, ವಿಶ್ರಾಂತಿಯಿಂದ ಇಳಿಯದೆ ಓಡಾಟದಿಂದ ಇಳಿಯುತ್ತಿದ್ದರೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಕಾಯಿಲೆ ಇರಬಹುದು. ಬಿಟ್ಟರೆ ಬೆನ್ನುಮೂಳೆಯೇ ಬೆಸೆದುಕೊಳ್ಳುತ್ತದೆ. ಬೇಗ ಪತ್ತೆಯಾದರೆ ಒಳ್ಳೆಯ ಚಿಕಿತ್ಸೆಯಿದೆ. ಎರಡೂ ಕೈಗಳ ಸಣ್ಣ ಕೀಲುಗಳು ಊದಿ, ಬೆಳಿಗ್ಗೆ ಗಂಟೆಗೂ ಹೆಚ್ಚು ಕಾಲ ಮುಷ್ಟಿ ಕಟ್ಟಲಾಗದಿದ್ದರೆ ಆಮವಾತವೇ ಎಂದು ನೋಡಿಸಬೇಕು.

ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇದ್ದು ಬೆನ್ನು ನೋಯುತ್ತಿದ್ದರೆ ಬೆನ್ನುಮೂಳೆಯ ಕ್ಷಯವೇ ಎಂದು ಪರೀಕ್ಷಿಸಬೇಕು. ಒಂದೇ ಕೋಣೆಯಲ್ಲಿ ಹತ್ತು ಮಂದಿ ಮಲಗುವ ನಮ್ಮ ಹುಡುಗರ ವಿಷಯದಲ್ಲಿ ಇದು ದೂರದ ಮಾತಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಯೂ ಔಷಧಿಯೂ ಉಚಿತ.

ಚಿಕುನ್‌ಗುನ್ಯಾ ಜ್ವರ ಬಂದುಹೋದ ಮೇಲೆ ತಿಂಗಳುಗಟ್ಟಲೆ ಬೆಳಗಿನ ಕೀಲುನೋವು ಉಳಿಯುವುದುಂಟು. 2006ರಲ್ಲಿ ಕರ್ನಾಟಕ ಇದರಿಂದ ತತ್ತರಿಸಿದ್ದು ನೆನಪಿದ್ದವರಿಗೆ ಗೊತ್ತು. ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆಯಿಂದಲೂ ಮೈಕೈ ನೋವು ಬರುತ್ತದೆ. ಕೊಲೆಸ್ಟರಾಲ್ ಮಾತ್ರೆಯಿಂದ ಕೆಲವರಿಗೆ ಸ್ನಾಯುನೋವು ಬರಬಹುದು. ಆಗ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು.

ಕಾಲಿನ ಬಲ ಕುಂದುವುದು, ತೊಡೆಸಂದಿನ ಸುತ್ತ ಸ್ಪರ್ಶ ತಿಳಿಯದಿರುವುದು, ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎದೆಯ ಬಿಗಿತ, ಬೆವರಿನೊಂದಿಗೆ ಬೆನ್ನಿನ ಮೇಲ್ಭಾಗ ಅಥವಾ ಎಡಗೈ ನೋಯುತ್ತಿದ್ದರೆ ‘ಗ್ಯಾಸ್’ ಎಂದು ಸೋಡಾ ಕುಡಿದು ಕೂರಬಾರದು, ಅದು ಹೃದಯಾಘಾತವಿರಬಹುದು.

ಗಲ್ಲಾದ ಡ್ರಾಯರಿನ ಮಾತ್ರೆ

ನಮ್ಮ ಅನೇಕ ಹೋಟೆಲುಗಳ ಗಲ್ಲಾದಲ್ಲಿ ಚಿಲ್ಲರೆಯ ಜೊತೆ ನೋವಿನ ಮಾತ್ರೆಯ ಪಟ್ಟಿಯೂ ಇರುತ್ತದೆ. ಹುಡುಗ ಸೊಂಟನೋವೆಂದರೆ ಒಂದು ಮಾತ್ರೆ ಕೊಟ್ಟು ಕೆಲಸಕ್ಕೆ ಕಳುಹಿಸುತ್ತೇವೆ. ಪ್ರೀತಿಯಿಂದಲೇ ಕೊಡುತ್ತೇವೆ. ಆದರೆ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು, ರಕ್ತದೊತ್ತಡ ಏರಬಹುದು, ಮೂತ್ರಪಿಂಡ ಕೆಡಬಹುದು. ಒಲೆಯ ಮುಂದೆ ಬೆವರು ಸುರಿಸಿ, ನೀರು ಸಾಲದೆ ಒಣಗಿದ ದೇಹದಲ್ಲಿ ಮೂತ್ರಪಿಂಡಕ್ಕೆ ಈ ಮಾತ್ರೆಗಳ ಪೆಟ್ಟು ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗಂತೂ ಇದು ತೀರ ಅಪಾಯ. ಹೆಸರಿಲ್ಲದ ಪುಡಿ, ಗುಳಿಗೆಗಳ ಸಹವಾಸವೂ ಬೇಡ. ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. ಅದು ಒತ್ತು ಕೊಟ್ಟಿರುವುದು ವ್ಯಾಯಾಮಕ್ಕೆ ಮತ್ತು ರೋಗಿಗೆ ತಿಳಿವಳಿಕೆ ನೀಡುವುದಕ್ಕೆ. ಸೊಂಟಪಟ್ಟಿ ಮತ್ತು ಬೆನ್ನನ್ನು ಎಳೆಯುವ ಟ್ರ್ಯಾಕ್ಷನ್ ಚಿಕಿತ್ಸೆಯನ್ನು ದಿನಬಳಕೆಗೆ ಅದು ಶಿಫಾರಸು ಮಾಡುವುದಿಲ್ಲ. ವಾರಗಟ್ಟಲೆ ಮಲಗಿಬಿಡುವುದೂ ತಪ್ಪು. ದಿನಕ್ಕೆ ಅರ್ಧ ಗಂಟೆ ನಡಿಗೆ, ಹೊಟ್ಟೆ-ಬೆನ್ನಿನ ಸ್ನಾಯುಗಳಿಗೆ ಬಲ ಕೊಡುವ ಸರಳ ವ್ಯಾಯಾಮ ಅಥವಾ ಬಲ್ಲವರಿಂದ ಕಲಿತ ಯೋಗಾಸನ ಸಾಕು. ಬೆಳಿಗ್ಗೆ ಎದ್ದೊಡನೆ ಕಾಲ್ಬೆರಳು ಮುಟ್ಟುವ ಆಸನ ಮಾತ್ರ ಬೇಡ.

ನಮ್ಮ ಹೊಣೆ

ಇಎಸ್‌ಐ ಅನ್ವಯಿಸುವ ಹೋಟೆಲುಗಳಲ್ಲಿ ನೋಂದಣಿಯಾದ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ಚಿಕಿತ್ಸೆ ದೊರೆಯುತ್ತದೆ. ನಿಯಮದಂತೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳ ತನಕ ವೇತನದ ಶೇಕಡಾ 70ರಷ್ಟು ಹಣವೂ ಸಿಗುತ್ತದೆ. ಕಂತು ಕಟ್ಟುತ್ತಿದ್ದೇವೆ, ಆದರೆ ಹುಡುಗರಿಗೆ ಕಾರ್ಡಿನ ಉಪಯೋಗ ಹೇಳಿಕೊಟ್ಟಿದ್ದೇವೆಯೇ?

ಗ್ರೈಂಡರಿನ ಬೇರಿಂಗ್ ಸದ್ದು ಮಾಡಿದರೆ ಅದೇ ದಿನ ಮೆಕ್ಯಾನಿಕ್ಕನ್ನು ಕರೆಸುವವರು ನಾವು. ಅದನ್ನು ನಡೆಸುವವನು ಬೆಳಿಗ್ಗೆ ಸೊಂಟ ಹಿಡಿದು ಏಳುತ್ತಿರುವುದನ್ನೂ ಹಾಗೆಯೇ ಗಮನಿಸಬೇಕು. ಸದಸ್ಯ ಬಾಂಧವರು ಈ ವಾರ ಒಮ್ಮೆ ತಮ್ಮ ಹುಡುಗರು ಮಲಗುವ ಜಾಗವನ್ನು ಖುದ್ದಾಗಿ ನೋಡಿ ಬರಲಿ. ಬೆಳಗಿನ ಮೊದಲ ಗಂಟೆಯ ಕೆಲಸಗಳ ಸರದಿಯನ್ನು ಭಟ್ಟರ ಜೊತೆ ಕೂತು ಬದಲಾಯಿಸಲಿ. ಅಕ್ಕಿಯ ವರ್ತಕರಿಗೆ 25 ಕಿಲೋ ಚೀಲದಲ್ಲೇ ಕಳುಹಿಸಲು ಹೇಳಲಿ. ಸಿಲಿಂಡರಿಗೆ ಒಂದು ಗಾಲಿಬಂಡಿ ತರಿಸಲಿ. ಇವುಗಳಲ್ಲಿ ಯಾವುದೂ ಒಬ್ಬ ಒಳ್ಳೆಯ ಭಟ್ಟರನ್ನು ಕಳೆದುಕೊಳ್ಳುವುದಕ್ಕಿಂತ ದುಬಾರಿಯಲ್ಲ.